ಕರಾರು ಮುರಿದರೆ ವಕೀಲರ ಬಳಿ ಹೋಗಲು ತಡ ಮಾಡಬೇಡಿ

ಹುಬ್ಬಳ್ಳಿ: ಅಡ್ವಾನ್ಸ್ ಪಡೆದವರು ಮಾಲು ಕಳಿಸಿಲ್ಲವೇ? ‘ಇವತ್ತು ಕಳಸ್ತೀನಿ, ನಾಳೆ ಕಳಸ್ತೀನಿ’ ಅನ್ನೋ ಮಾತು ನಂಬಿ ಕೂತರೆ ಹಕ್ಕೇ ಕೈತಪ್ಪಬಹುದು. 1963ರ ಕಾಲಮಿತಿ ಕಾಯ್ದೆ ಪ್ರಕಾರ, ಕರಾರು ಮುರಿದ ದಿನದಿಂದ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಲೀಗಲ್ ನೋಟಿಸ್ ಕಳಿಸಿದ ಮಾತ್ರಕ್ಕೆ ಈ ಅವಧಿ ಹೆಚ್ಚುವುದಿಲ್ಲ.

ವಕೀಲರ ಬಳಿ ಹೋಗುವಾಗ ಕರಾರು ಪತ್ರ, ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಸಂದೇಶ ಒಯ್ಯಿರಿ. ಬಾಯಿಮಾತಿನ ಕರಾರಿಗೂ ಬೆಲೆ ಇದೆ, ಆದರೆ ಸಾಕ್ಷಿ ಬೇಕು. ಫೀ ಎಷ್ಟು, ಕೋರ್ಟ್ ಶುಲ್ಕ ಬೇರೆಯೇ ಎಂದು ವಕಾಲತ್ತಿಗೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ. ಗೆದ್ದ ಹಣದಲ್ಲಿ ವಕೀಲರು ಪಾಲು ಕೇಳಲು ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವಿಗೆ ಧಾರವಾಡ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಸಹಾಯವಾಣಿ: 15100.