ಮರಳಿನ ಮೇಲಣ ಸೇತುವೆ

ಪರದೇಶದಲ್ಲಿ ಕಾರನ್ನು ಬಾಡಿಗೆಗೆ ಹಿಡಿದು ತಾವೇ ನಡೆಸಿಕೊಂಡು ತಿರುಗುವವರಿಗೆ ಐಸ್‌ಲೆಂಡ್ ಇಂದು ಅಚ್ಚುಮೆಚ್ಚಿನ ನಾಡು. ದ್ವೀಪವನ್ನೆಲ್ಲ ಬಳಸಿ ಹೊರಟಲ್ಲಿಗೇ ಮರಳುವ ಅಲ್ಲಿನ ಒಂದನೆಯ ನಂಬರಿನ ಹೆದ್ದಾರಿಯ ಉದ್ದ ಸುಮಾರು 1,320 ಕಿಲೋಮೀಟರ್. ನಮ್ಮಲ್ಲಿಂದ ಹೋದವರಿಗೆ ಮೊದಲು ರಸ್ತೆಯ ಬಲಬದಿಯೇ ಗೊಂದಲ. ಐಸ್‌ಲೆಂಡಿನವರೂ ಹಿಂದೆ ನಮ್ಮಂತೆ ಎಡಕ್ಕೇ ಹೋಗುತ್ತಿದ್ದವರು. 1968ರ ಮೇ 26ರಂದು ದೇಶಕ್ಕೆ ದೇಶವೇ ಬಲಕ್ಕೆ ಹೊರಳಿತು. ಎರಡನೆಯ ವಿಚಿತ್ರ ಬಾಡಿಗೆಯ ಕರಾರಿನಲ್ಲಿದೆ: ಮರಳು ಮತ್ತು ಬೂದಿಯಿಂದಾಗುವ ಹಾನಿಗೆ ಬೇರೆಯೇ ವಿಮೆ. ಹಣ ಕೀಳುವ ಉಪಾಯವೆಂದು ನಗುವವರು ದಕ್ಷಿಣ ತೀರದ ಕಪ್ಪು ಮರಳುಬಯಲಿನಲ್ಲಿ ಗಾಳಿ ಎದ್ದಾಗ ನಗು ನಿಲ್ಲಿಸುತ್ತಾರೆ. ಕಾರಿನ ಬಣ್ಣವನ್ನೇ ಉಜ್ಜಿ ತೆಗೆಯುವ ಕಸುವು ಆ ಮರಳಿಗಿದೆ.

ನಾನು ಹೇಳಹೊರಟದ್ದು ಆ ಬಯಲಿನ ಕಥೆಯನ್ನೇ. ಅದರ ಹೆಸರು ಸ್ಕೇಯ್ದರಾರ್‌ಸಂದುರ್. ಬಡಗಲಲ್ಲಿ ವಾತ್ನಯೋಕುಲ್ ಎಂಬ ಮಹಾ ಹಿಮರಾಶಿ, ತೆಂಕಲಲ್ಲಿ ಕಡಲು. ನಡುವೆ ದಿನಕ್ಕೊಂದು ಪಾತ್ರ ಹಿಡಿಯುವ ಹಿಮನದಿಗಳು. ಬಯಲಿನ ಮೂಡಲಿಗೆ ಓರೈವಿ ಎಂಬ ಸಣ್ಣ ಸೀಮೆ. 1362ರಲ್ಲಿ ಜ್ವಾಲಾಮುಖಿ ಸಿಡಿದು ಅಲ್ಲಿನ ತುಂಬಿದ ಬದುಕು ಬೂದಿಯಲ್ಲಿ ಹೂತುಹೋಯಿತು. ಮೊದಲಿದ್ದ ಹೆಸರೂ ಅಳಿದು, ಪಾಳು ನೆಲವೆಂಬರ್ಥದ ಈ ಹೆಸರೇ ನಿಂತಿತು. ನ್ಯಾಲನ ಸಾಗಾ ಓದಿದವರಿಗೆ ಫ್ಲೋಸಿಯ ನೆನಪಿರಬಹುದು. ಅವನ ಮನೆ ಇದ್ದ ಸ್ವೀನಾಫೆಲ್ ಇಲ್ಲಿಯದೇ. ಮತ್ತೆ ನೆಲೆಸಿದ ರೈತರು ನೀರಿನ ಸೆಳೆತಕ್ಕೆ ಪಳಗಿದ ಕುದುರೆಗಳನ್ನು ನಂಬಿ ನದಿಗಳನ್ನು ದಾಟುತ್ತಿದ್ದರು. ಮೋಟಾರು ಬಂದ ಮೇಲೂ ರಾಜಧಾನಿ ರೇಕ್ಯಾವಿಕ್‌ನಿಂದ ಕಾರಿನಲ್ಲಿ ಇಲ್ಲಿಗೆ ಬರಬೇಕಾದರೆ ಉತ್ತರಕ್ಕೆ ಹೋಗಿ ದ್ವೀಪವನ್ನೇ ಸುತ್ತಬೇಕಿತ್ತು.

ಕೊನೆಗೆ ಸರಕಾರ ಬಹುಮಾನದ ಸಾಲಪತ್ರಗಳನ್ನು ಜನರಿಗೆ ಮಾರಿ ಹಣ ಕೂಡಿಸಿತು. ಐಸ್‌ಲೆಂಡಿನಲ್ಲಿ ಜನವಸತಿಯಾಗಿ 1,100 ವರ್ಷ ತುಂಬಿತೆಂದು ಹಬ್ಬ ಮಾಡಿದ 1974ರ ಜುಲೈಯಲ್ಲಿ ಸ್ಕೇಯ್ದರಾ ನದಿಯ ಸೇತುವೆ ತೆರೆದುಕೊಂಡಿತು. ಉದ್ದ ಸುಮಾರು 900 ಮೀಟರ್. ಬಳೆ ಕೂಡಿತು.

ಕಟ್ಟಿದವರು ನದಿಯ ಸ್ವಭಾವ ಅರಿಯದವರೇನೂ ಅಲ್ಲ. ಹಿಮದಡಿಯ ಜ್ವಾಲಾಮುಖಿಯ ಕಾವಿಗೆ ಕರಗಿದ ನೀರು ಒಳಗೇ ಕೆರೆಯಾಗಿ ನಿಂತು, ತುಂಬಿದಾಗ ಹಿಮವನ್ನೇ ಎತ್ತಿ ಅದರಡಿಯಿಂದ ನುಗ್ಗುವುದು ಅವರಿಗೆ ಹಳೆಯ ಸಂಗತಿ. 1996ರ ಸೆಪ್ಟೆಂಬರ್ ಕೊನೆಯಲ್ಲಿ ಹಿಮದ ಕೆಳಗೆ ಬೆಂಕಿ ಎದ್ದಿತು. ಒಂದು ತಿಂಗಳಿಗೂ ಮೀರಿ ಎಲ್ಲರೂ ಕಾದರು. ನವೆಂಬರ್ 5ರಂದು ನೀರು ಬಂತು: ಏರಿದ ಹೊತ್ತಿಗೆ ಸೆಕೆಂಡಿಗೆ ಸುಮಾರು 50,000 ಘನಮೀಟರ್, ಜೊತೆಗೆ ಮನೆಯಷ್ಟೆತ್ತರದ ಹಿಮದ ಬಂಡೆಗಳು. ನೆರೆಯ ನದಿಯ ಸೇತುವೆ ಪೂರ್ತಿ ಹೋಯಿತು; ದೊಡ್ಡ ಸೇತುವೆಯ ಒಂದು ಭಾಗವೂ ಹೋಯಿತು. ಎಚ್ಚರವಿದ್ದುದರಿಂದ ಒಂದು ಜೀವವೂ ಹೋಗಲಿಲ್ಲ. ಸುಮಾರು ಮೂರು ವಾರಗಳಲ್ಲಿ ತಾತ್ಕಾಲಿಕ ಸೇತುವೆಯ ಮೇಲೆ ವಾಹನಗಳು ಮತ್ತೆ ಓಡಿದವು. ಇದನ್ನು ನಾನು ಕಟ್ಟಿದ ಕೆಲಸಕ್ಕಿಂತ ಹೆಚ್ಚಿನದೆಂದೇ ಎಣಿಸುತ್ತೇನೆ.

ಆದರೆ ನದಿಯ ಮಾತು ಮುಗಿದಿರಲಿಲ್ಲ. ಹಿಮದ ಅಂಚು ಹಿಂದಕ್ಕೆ ಸರಿಯುತ್ತ ಬಂದು, 2009ರಲ್ಲಿ ಸ್ಕೇಯ್ದರಾ ತನ್ನ ಪಾತ್ರವನ್ನೇ ಬಿಟ್ಟು ಪಡುವಣ ನದಿಯನ್ನು ಸೇರಿಕೊಂಡಿತು. ದೇಶದಲ್ಲೇ ಅತಿ ಉದ್ದವಾದ ಸೇತುವೆ ಒಣಮರಳಿನ ಮೇಲೆ ಉಳಿಯಿತು. 2017ರಲ್ಲಿ ಪಕ್ಕದಲ್ಲೇ ಪುಟ್ಟದೊಂದನ್ನು ಕಟ್ಟಿ ರಸ್ತೆಯನ್ನು ಅತ್ತ ತಿರುಗಿಸಿದರು. ಕಾರು ನಿಲ್ಲಿಸಿದವರಿಗೆ ದಾರಿಯ ಬದಿಯಲ್ಲಿ, 1996ರ ಪ್ರವಾಹ ಹಗ್ಗದಂತೆ ತಿರುಚಿ ಬಿಸುಟ ಉಕ್ಕಿನ ತೊಲೆಗಳು ಕಾಣುತ್ತವೆ. ಮಕ್ಕಳು ಅವುಗಳ ಮೇಲೆ ಹತ್ತಿ ಕೂಡುತ್ತಾರೆ.