ಮಣ್ಣಿನೊಳಗಿನ ಕಾವಲುಗಾರರು

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಪೈರು ಕಪ್ಪಾಗಿ, ಗೆಡ್ಡೆಗಳು ನೆಲದಲ್ಲಿಯೇ ಕೊಳೆತುವು. ಅದರಿಂದುಂಟಾದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೆ ಕಡಿಮೆಯಿಲ್ಲದಷ್ಟು ಮಂದಿ ದೇಶಬಿಟ್ಟು ಹಡಗು ಹತ್ತಿದರು. ಈ ಕೇಡಿಗೆ ಮೂಲ ಒಂದು ಸೂಕ್ಷ್ಮಜೀವಿಯೆಂದು ಜರ್ಮನಿಯ ಆಂಟನ್ ಡಿ ಬಾರಿ 1861ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ರೋಗದ ಮಾತು ಬಂದಾಗಲೆಲ್ಲ ಕಣ್ಣಿಗೆ ಕಾಣದ ಜೀವಿಯೆಂದರೆ ಹಗೆಯೆಂಬ ಭಾವನೆಯೇ ಬೇರೂರಿತು.

ಆ ಭಾವನೆಯನ್ನು ಅಲುಗಿಸಿದ್ದು ಆಲೂಗೆಡ್ಡೆಯದೇ ಇನ್ನೊಂದು ರೋಗ. ಇದು ಗಿಡವನ್ನು ಕೊಲ್ಲದು. ಗೆಡ್ಡೆಯ ಸಿಪ್ಪೆಯ ಮೇಲೆ ಕಜ್ಜಿಯೆಬ್ಬಿಸಿ ಪೇಟೆಯಲ್ಲಿ ಬೆಲೆ ಕೆಡಿಸುತ್ತದೆ. ನೂಲಿನಂತೆ ಎಳೆಯಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯ ಇದಕ್ಕೆ ಕಾರಣ. ಹಸಿರು ಗೊಬ್ಬರ ಸೇರಿಸಿದ ನೆಲದಲ್ಲಿ ಈ ಕಜ್ಜಿ ಕಡಿಮೆಯಾದುದುಂಟು. ಆ ಗೊಬ್ಬರವನ್ನುಂಡು ಬೆಳೆದ ಬೇರೆ ಜೀವಿಗಳು ರೋಗಾಣುವನ್ನು ಅಡಗಿಸುತ್ತಿರಬಹುದೆಂದು ಕೆನಡಾದ ಸ್ಯಾನ್‌ಫೋರ್ಡ್ 1926ರಲ್ಲಿ ಊಹಿಸಿದರು. ಮರುವರ್ಷ ಇಂಗ್ಲೆಂಡಿನ ಲೀಡ್ಸ್‌ನ ಮಿಲರ್ಡ್ ಮತ್ತು ಟೇಲರ್, ಜೀವಿಗಳನ್ನೆಲ್ಲ ನಾಶಮಾಡಿದ ಮಣ್ಣಿಗೆ ರೋಗಾಣುವನ್ನೂ ಅದರ ನಿರುಪದ್ರವಿ ದಾಯಾದಿಯೊಂದನ್ನೂ ಬೆರೆಸಿದರು. ಕಜ್ಜಿ ತಗ್ಗಿತು. ಮುಳ್ಳಿನಿಂದ ಮುಳ್ಳು ತೆಗೆದಂತಾಯಿತು.

ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಬಹುಕಾಲ ಆಲೂಗೆಡ್ಡೆ ಬೆಳೆದ ಹೊಲಗಳಿಗಿಂತ ಹೊಸದಾಗಿ ಸಾಗುವಳಿಗೆ ಬಂದ ನೆಲದಲ್ಲಿಯೇ ಈ ಕಾಟ ಹೆಚ್ಚು. ಹಳೆಯ ಹೊಲದ ಮಣ್ಣನ್ನು ಸ್ವಲ್ಪವೇ ತಂದು, ಕುದುರೆ ಮಸಾಲೆ ಸೊಪ್ಪಿನ ಪುಡಿಯೊಡನೆ ಹೊಸ ಮಣ್ಣಿಗೆ ಸೇರಿಸಿದರೆ, ಹಾಲಿಗೆ ಹೆಪ್ಪು ಹಾಕಿದಂತೆ ಅದಕ್ಕೂ ಆ ಗುಣ ಬರುವುದೆಂದು ಮೆನ್‌ಜೀಸ್ 1959ರಲ್ಲಿ ವರದಿ ಮಾಡಿದರು. ಮಣ್ಣನ್ನು ಹಬೆಯಲ್ಲಿ ಕಾಯಿಸಿದರೆ ಗುಣ ಅಳಿಯುತ್ತಿತ್ತು. ಕಾವಲಿಗಿದ್ದುದು ಜೀವವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

1978ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್, ಶ್ರಾಥ್ ಮತ್ತು ಸಸ್ಲೋ ಆಲೂಗೆಡ್ಡೆಯ ಬಿತ್ತನೆ ಹೋಳುಗಳಿಗೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಲೇಪಿಸಿ ಇಳುವರಿ ಹೆಚ್ಚಿಸಿದರು. ಅದರ ಗುಟ್ಟು 1980ರಲ್ಲಿ ಹೊರಬಿದ್ದಿತು: ಈ ಜೀವಿ ಮಣ್ಣಿನ ಕಬ್ಬಿಣವನ್ನು ಹಿಡಿದಿಡುವ ವಸ್ತುವೊಂದನ್ನು ಸ್ರವಿಸಿ, ಬೇರಿನ ಬಳಿಯ ಕೇಡಿಗ ಜೀವಿಗಳಿಗೆ ಕಬ್ಬಿಣ ದೊರೆಯದಂತೆ ಮಾಡುತ್ತದೆ.

ಇಷ್ಟರಿಂದಲೇ ಔಷಧ ಸಿಂಪಡಿಸುವುದನ್ನು ರೈತ ಬಿಡುವಂತಿಲ್ಲ. ಪ್ರಯೋಗಶಾಲೆಯಲ್ಲಿ ಗೆದ್ದ ಬ್ಯಾಕ್ಟೀರಿಯ ಹೊಲದಲ್ಲಿ ಸೋತದ್ದುಂಟು. ಮಣ್ಣು, ತೇವ, ಹವೆ ಬದಲಾದರೆ ಅದರ ಬಲವೂ ಬದಲಾಗುತ್ತದೆ. ಐರ್ಲೆಂಡನ್ನು ಕಾಡಿದ ಆ ರೋಗವೂ ಇನ್ನೂ ಅಳಿದಿಲ್ಲ. ಆದರೆ ಈ ಇತಿಹಾಸ ಒಂದು ಎಚ್ಚರವನ್ನಂತೂ ಹೇಳುತ್ತದೆ: ಹಗೆಯನ್ನು ಕೊಲ್ಲಲೆಂದು ಮಣ್ಣನ್ನೆಲ್ಲ ಬೇಯಿಸಿದರೆ, ಅವನೊಡನೆ ಕಾವಲುಗಾರನೂ ಸಾಯುತ್ತಾನೆ.