ಬಹುಔಷಧ ನಿರೋಧಕ ಕ್ಷಯ

ಐಸೋನಿಯಾಜಿಡ್, ರಿಫಾಂಪಿಸಿನ್ ಎಂಬ ಎರಡು ಮುಖ್ಯ ಔಷಧಗಳಿಗೂ ಬಗ್ಗದ ಕ್ಷಯಾಣುವಿನಿಂದ ಬರುವ ಸೋಂಕು. ರೋಗಾಣುವಿನ ಜೀನುಗಳಲ್ಲಿ ತಾನಾಗಿ ಆಗುವ ಮಾರ್ಪಾಡು ಇದರ ಮೂಲ. ಮಾತ್ರೆಯನ್ನು ನಡುವೆ ಬಿಟ್ಟರೆ ನಿರೋಧಕ ತಳಿ ಉಳಿದು ಬೆಳೆಯುತ್ತದೆ. ಕೆಮ್ಮಿನಿಂದ ಈ ತಳಿಯೇ ಹರಡುವುದರಿಂದ ಹಿಂದೆಂದೂ ಮಾತ್ರೆ ನುಂಗದವರಲ್ಲೂ ಕಾಣಿಸುತ್ತದೆ.

ಪತ್ತೆಗೆ ಬೇಕಾದುದು ಎಂಜಲಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ. ಸಿಬಿನ್ಯಾಟ್, ಟ್ರೂನ್ಯಾಟ್ ಯಂತ್ರಗಳು ರಿಫಾಂಪಿಸಿನ್ ನಿರೋಧವನ್ನು ಕೆಲವೇ ಗಂಟೆಗಳಲ್ಲಿ ತೋರಿಸುತ್ತವೆ. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ವಾರಗಳು ಬೇಕು.

ಹಳೆಯ ಚಿಕಿತ್ಸೆ ಒಂದೂವರೆ ವರ್ಷ ಮೀರುತ್ತಿತ್ತು. ಅದರಲ್ಲಿದ್ದ ಕನಾಮೈಸಿನ್ ಚುಚ್ಚುಮದ್ದು ಹಲವರ ಕಿವಿ ಕೆಡಿಸಿತು. ಹೊಸ ಮಾತ್ರೆ ಬೆಡಾಕ್ವಿಲಿನ್ ಭಾರತದ ಕ್ಷಯ ಕಾರ್ಯಕ್ರಮಕ್ಕೆ 2016ರಲ್ಲಿ ಬಂತು. ಅದರೊಂದಿಗೆ ಪ್ರೆಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ, ಚುಚ್ಚುಮದ್ದಿಲ್ಲದ 6 ತಿಂಗಳ ಕ್ರಮಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿಗೆ ನೀಡಿತು. ಲಿನೆಜೋಲಿಡ್‌ನಿಂದ ಪಾದ ಜೋಮು ಹಿಡಿಯಬಹುದು, ರಕ್ತಹೀನತೆ ಬರಬಹುದು. ಬೆಡಾಕ್ವಿಲಿನ್ ಪಡೆಯುವವರಿಗೆ ಆಗಾಗ ಇಸಿಜಿ ಅಗತ್ಯ. ಗರ್ಭಿಣಿಯರಿಗೆ ಈ ಕ್ರಮವಿಲ್ಲ.

ದೇಶದ ಇತರೆಡೆಯಂತೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲೂ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಉಚಿತ. ರೋಗಿಯ ಪೌಷ್ಟಿಕ ಆಹಾರಕ್ಕೆಂದು ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ ನೆರವು 2024ರ ನವೆಂಬರ್‌ನಿಂದ 500ರ ಬದಲು 1,000 ರೂಪಾಯಿ; ಅದು ನೇರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಕ್ಷಯ ಕಾರ್ಯಕ್ರಮದ ತರಬೇತಿ, ಸಂಶೋಧನೆಯ ಹಳೆಯ ಕೇಂದ್ರ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ (ಸ್ಥಾಪನೆ 1959).